ಎದುರು ಕುರ್ಚಿಯ ಓದುವವಳು

ಫೆಬ್ರವರಿ ೯

ಅಪ್ಪಾ,

ಕವರಿನ ಮೇಲಿನ ಅಕ್ಷರ ನೋಡಿಯೇ ಯಾರದೆಂದು ನಿಮಗೆ ಗೊತ್ತಾಗಿರುತ್ತದೆ. ಹರಿದು ಹಾಕುವ ಮೊದಲು ಒಂದು ಸಲ ಓದಿ. ಸೋಪಿನ ಪೊಟ್ಟಣದ ಮೇಲಿನ ಬರಹವನ್ನೂ ಓದದೆ ಎಸೆಯುವವರಲ್ಲ ನೀವು, ಆ ಧೈರ್ಯದ ಮೇಲೇ ಬರೆಯುತ್ತಿದ್ದೇನೆ.

ಫೋನು ಮಾಡಿದರೆ ನೀವು ಎತ್ತುವುದಿಲ್ಲ. "ಫೋನಲ್ಲಿ ಪದ ಎಲ್ಲಿ ಮುಗೀತು, ಎಲ್ಲಿ ಶುರುವಾಯ್ತು ಅಂತ್ಲೇ ತಿಳಿಯಲ್ಲ" ಎಂದು ಪ್ರೆಸ್ಸಿನ ಯಜಮಾನರ ಮುಖಕ್ಕೇ ಹೇಳಿದವರಲ್ಲವೇ.

ಯಂತ್ರದವನು ಹೋದ. ನಮ್ಮ ಪ್ರೆಸ್ಸಿಗೆ ತಪ್ಪು ಹಿಡಿಯುವ ಕಂಪ್ಯೂಟರ್ ಜೋಡಿಸಲು ಬಂದವನ ಜೊತೆ ನಾನು ಹೊರಟು ನಿಂತಾಗ ನೀವು ಹೇಳಿದ್ದಿರಿ, "ನಮ್ಮಿಬ್ಬರ ಅನ್ನ ಕಿತ್ಕೊಂಡೋನು ಕಣೇ ಅವ್ನು, ಯಾವೂರಲ್ಲೂ ನಿಲ್ಲೋ ಜಾತಿ ಅಲ್ಲ" ಎಂದು. ನಿಲ್ಲಲಿಲ್ಲ. ಇನ್ನೊಂದು ಊರಿಗೆ ಯಂತ್ರ ಜೋಡಿಸಲು ಹೋದವನು ಅಲ್ಲಿ ಇನ್ನೊಬ್ಬಳ ಜೊತೆ ಉಳಿದುಕೊಂಡ. "ನಾನು ಹೇಳಿರಲಿಲ್ವಾ" ಎಂದು ಬೇಕಾದರೆ ಅನ್ನಿ. ಕೇಳಿಸಿಕೊಳ್ಳುತ್ತೇನೆ.

ಈಗ ಕಟ್ಟಿಸಿಕೊಳ್ಳುವ ಹಲ್ಲು ತಯಾರಿಸುವ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದೇನೆ. ಡಾಕ್ಟರುಗಳು ಬಾಯಿಯ ಅಚ್ಚು ಕಳಿಸುತ್ತಾರೆ, ನಾವು ಮೇಣದಲ್ಲಿ ವಸಡು ಮಾಡಿ ಅದರಲ್ಲಿ ಹಲ್ಲು ಕೂರಿಸುತ್ತೇವೆ. ಪಕ್ಕದ ಮೇಜಿನ ಹಿರಿಯಳನ್ನು ಎಲ್ಲರೂ ಅಕ್ಕ ಎನ್ನುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ಹಲ್ಲುಗಳ ನಡುವಿನ ಸಂದು ಒಂದು ಕೂದಲೆಳೆ ಹೆಚ್ಚಾದರೂ ನಾನು ಹಿಡಿಯುವುದನ್ನು ನೋಡಿ "ಈ ಕಣ್ಣು ಎಲ್ಲಿಂದ ಬಂತೇ ನಿನಗೆ?" ಎಂದಳು. ಅಪ್ಪನದು ಎಂದೆ.

ಕೇಳಬೇಕಾಗಿರುವುದು ಒಂದೇ ಮಾತು. "ನಾನು ಬಾ ಅನ್ನೋವರೆಗೂ ಈ ಮೆಟ್ಟಿಲು ಹತ್ತಬೇಡ" ಎಂದಿರಿ. "ಹತ್ತಲ್ಲ" ಎಂದು ನಾನೂ ಮಾತು ಕೊಟ್ಟೆ. ಉಳಿಸಿಕೊಂಡಿದ್ದೇನೆ. ಅಮ್ಮ ಬದುಕಿದ್ದಿದ್ದರೆ ನಡುವೆ ಬಂದು ಇಬ್ಬರಿಗೂ ನಾಲ್ಕು ಬೈದು ಎಂದೋ ನಮ್ಮನ್ನು ಒಂದು ಮಾಡುತ್ತಿದ್ದಳು. ಈಗ ಆ ಕೆಲಸಕ್ಕೆ ಯಾರೂ ಇಲ್ಲ, ಆದ್ದರಿಂದ ನಾನೇ ಕೇಳುತ್ತಿದ್ದೇನೆ. ಬರಲಾ ಅಪ್ಪಾ?

ಇಂಗ್ಲಿಷ್ ಮರೆತಿಲ್ಲ ಎಂದು ತೋರಿಸಲು ಕೆಳಗೆ ಕೆಲವು ಸಾಲು ಬರೆದಿದ್ದೇನೆ.

ನಿಮ್ಮ
ಚುಕ್ಕಿ


ಫೆಬ್ರವರಿ ೨೬

ಚುಕ್ಕಿ,

ಕಾಗದ ತಲುಪಿತು. ಕೆಳಗಿನ ಇಂಗ್ಲಿಷ್ ಸಾಲು ಓದಿ ತಲೆ ಚಚ್ಚಿಕೊಂಡೆ. ದಿನಾಲೂ ಬಸ್ಸಿನಲ್ಲಿ ಹೋಗುತ್ತೇನೆ ಎನ್ನುವ ಕಡೆ ಎವೆರಿಡೇ ಎಂದು ಒಂದೇ ಪದ ಮಾಡಿ ಬರೆದಿದ್ದೀಯ. ಅಲ್ಲಿ ಎರಡು ಪದ ಬೇಕು, ಎವೆರಿ ಬೇರೆ, ಡೇ ಬೇರೆ. ಕೂಡಿಸಿ ಬರೆದರೆ ದಿನಬಳಕೆಯದು, ವಿಶೇಷವೇನೂ ಇಲ್ಲದ್ದು ಎಂದಾಗುತ್ತದೆ. ಎವೆರಿಡೇ ಚಪ್ಪಲಿ ಎನ್ನಬಹುದು, ನೆಂಟರ ಮನೆಗೆ ಹಾಕಿಕೊಂಡು ಹೋಗದ ಹಳೇ ಚಪ್ಪಲಿ. ಅದನ್ನು ನಾವು ಎವೆರಿ ಡೇ ಮೆಟ್ಟುತ್ತೇವೆ. ಎರಡಕ್ಕೂ ಅಜಗಜಾಂತರವಿದೆ.

ನನ್ನ ಎದುರು ಕುರ್ಚಿಯಲ್ಲಿ ಕೂತು ಅಷ್ಟು ವರ್ಷ ಮೂಲಪ್ರತಿ ಓದಿದವಳು ಹೀಗೆ ಬರೆಯುವುದೆಂದರೆ ಏನು? ನೀನು ಗಟ್ಟಿಯಾಗಿ ಓದುವುದು, ನಾನು ಕರಡಿನ ಮೇಲೆ ಕಣ್ಣಿಟ್ಟುಕೊಂಡು ಬರುವುದು. ಕೂಡಿಸಿದ್ದಾಗಲಿ ಬಿಡಿಸಿದ್ದಾಗಲಿ ಕಿವಿಗೆ ಒಂದೇ ಥರ ಕೇಳುತ್ತದೆಂದು, ಪದ ಬಿಡಿಸುವ ಕಡೆ ನೀನು ಪೆನ್ಸಿಲಿನಿಂದ ಮೇಜು ತಟ್ಟಬೇಕೆಂದು ನಾವೇ ಮಾಡಿಕೊಂಡಿದ್ದೆವು. ಪ್ರೆಸ್ಸಿನವರೆಲ್ಲ ನಮ್ಮ ಕೋಣೆಗೆ ಮರಕುಟಿಗನ ಗೂಡು ಎಂದು ಹೆಸರಿಟ್ಟಿದ್ದರು. ತಟ್ಟಿದ ಕೈ ಇಷ್ಟು ಬೇಗ ಮರೆಯಬಾರದು.

ಹಲ್ಲಿನ ಕೆಲಸ ಕೇಳಿ ನಗು ಬಂತು. ಚಿಕ್ಕಂದಿನಿಂದಲೂ ದೊಡ್ಡವರ ಮಾತಿನ ನಡುವೆ ಬಾಯಿ ಹಾಕುತ್ತಿದ್ದವಳಿಗೆ ಕೊನೆಗೂ ಬಾಯಿಯದೇ ಕೆಲಸ ಸಿಕ್ಕಿತು.

"ನಾನು ಹೇಳಿರಲಿಲ್ಲವೇ" ಎಂದು ನಾನು ಅನ್ನುವುದಿಲ್ಲ. ಬರೆದಿದ್ದೆ, ಹೊಡೆದುಹಾಕಿದೆ. ಮೇಲೆ ಕಾಣುವ ಕಪ್ಪು ಗೀಟು ಅದರದು. ಬೇರೆ ವಿಶೇಷವೇನೂ ಇಲ್ಲ.

ಅಪ್ಪ


ಮಾರ್ಚ್ ೧೪

ಅಪ್ಪಾ,

ನಿಮ್ಮ ಕಾಗದ ಬಂದ ದಿನ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ. ಮುದುಕರೊಬ್ಬರಿಗೆ ಕೆಳಗಿನ ಹಲ್ಲನ್ನು ಮೇಲೆ ಕೂರಿಸಿಬಿಟ್ಟಿದ್ದೆ. ಅಕ್ಕ ನೋಡಿ, "ಇದನ್ನ ಹಾಕ್ಕೊಂಡ್ರೆ ಆ ಮನುಷ್ಯ ತಲೆ ಕೆಳಗೆ ಮಾಡ್ಕೊಂಡು ಉಣ್ಬೇಕಾಗುತ್ತೆ" ಎಂದು ನಕ್ಕು ಮೇಣ ಕರಗಿಸಲು ಕೊಟ್ಟಳು.

ಬರಲಾ ಎಂದು ಕೇಳಿದ್ದಕ್ಕೆ ನಿಮ್ಮ ಕಾಗದದಲ್ಲಿ ಉತ್ತರವಿರಲಿಲ್ಲ. ಹಿಂದೆಯೂ ತಿರುಗಿಸಿ ನೋಡಿದೆ. ಬೇಡ ಎಂದೂ ಇರಲಿಲ್ಲ, ಅದನ್ನೇ ಹಿಡಿದುಕೊಂಡು ಎರಡು ವಾರ ಕಳೆದೆ.

ನನ್ನ ಕೋಣೆ ಒಂದು ಬೇಕರಿಯ ಹಿಂಭಾಗದಲ್ಲಿದೆ. ಗೋಡೆ ಸದಾ ಬೆಚ್ಚಗಿರುತ್ತದೆ. ಯಂತ್ರದವನು ಬಿಟ್ಟುಹೋದ ಎರಡು ಅಂಗಿ ಬಹಳ ದಿನ ಮೊಳೆಯಲ್ಲೇ ತೂಗಾಡುತ್ತಿದ್ದವು. ಮೊನ್ನೆ ಒರೆಸುವ ಬಟ್ಟೆ ಮಾಡಿದೆ. ಆಗ ಕಣ್ಣೀರು ಬಂತೇ ಎಂದು ಕೇಳಬೇಡಿ. ನೀವು ಕೇಳುವವರೂ ಅಲ್ಲ.

ನೀವು ಹೇಗಿದ್ದೀರಿ? ಏನು ತಿನ್ನುತ್ತೀರಿ? ಆ ಎರಡು ಕೋಣೆಯಲ್ಲಿ ದಿನವಿಡೀ ಒಬ್ಬರೇ ಏನು ಮಾಡುತ್ತೀರಿ? ಇಷ್ಟಕ್ಕಾದರೂ ಉತ್ತರ ಬರೆಯಿರಿ. ಬರಲಾ ಎಂಬುದಕ್ಕೂ. ಕೆಳಗೆ ಇನ್ನಷ್ಟು ಇಂಗ್ಲಿಷ್ ಇದೆ, ಬೈಗುಳಕ್ಕೆ ಕಾಯುತ್ತಿರುತ್ತೇನೆ.

ಚುಕ್ಕಿ


ಏಪ್ರಿಲ್ ೩

ಚುಕ್ಕಿ,

ಈ ಸಲ ಆಲ್ರೆಡಿ. ಅವನು ಆಗಲೇ ಹೋದ ಎನ್ನುವಾಗ ಅದು ಒಂದೇ ಪದ. ಹಲ್ಲುಗಳೆಲ್ಲ ತಯಾರಾಗಿವೆ ಎನ್ನುವಾಗ ಆಲ್ ಬೇರೆ, ರೆಡಿ ಬೇರೆ. ನೀನು ಅದನ್ನು ಇಲ್ಲಿಗೆ, ಇದನ್ನು ಅಲ್ಲಿಗೆ ಹಾಕಿದ್ದೀಯ. ಮುದುಕರ ಬಾಯಲ್ಲಿ ಮಾಡಿದ ಎಡವಟ್ಟನ್ನೇ ಇಲ್ಲೂ ಮಾಡಿದ್ದೀಯ ನೋಡು.

ಇನ್ನೊಂದು ಮಾತು. ಇವು ನಿನ್ನ ನಿಜವಾದ ತಪ್ಪುಗಳಲ್ಲ. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ನೀನು ಸರಿಯಾಗಿ ಹೇಳುತ್ತೀಯ. ತಪ್ಪಿದ್ದರೆ ಅಪ್ಪ ಉತ್ತರ ಬರೆಯುತ್ತಾನೆ, ಇಲ್ಲದಿದ್ದರೆ ಸುಮ್ಮನಾಗಿಬಿಡುತ್ತಾನೆ ಎಂದು ಲೆಕ್ಕ ಹಾಕಿ ಬೇಕೆಂದೇ ಬರೆದಿದ್ದೀಯ. ನನಗೆ ಚಳ್ಳೆಹಣ್ಣು ತಿನ್ನಿಸುವಷ್ಟು ದೊಡ್ಡವಳಾಗಿಲ್ಲ ನೀನು. ಆದರೂ ಬರೆ. ತಪ್ಪಿರಲಿ. ಕೆಂಪು ಪೆನ್ನಿಗೆ ಕೆಲಸವಿಲ್ಲದೆ ಮಸಿ ಒಣಗುತ್ತಿತ್ತು.

ದಿನವಿಡೀ ಏನು ಮಾಡುತ್ತೀರಿ ಎಂದು ಕೇಳಿದ್ದೀಯ. ನಮ್ಮ ಕೈಪಿಡಿಯನ್ನು ತಿದ್ದುತ್ತಿದ್ದೇನೆ. ಕೂಡಿಸಿ ಬರೆಯುವ, ಬಿಡಿಸಿ ಬರೆಯುವ ಇಂಗ್ಲಿಷ್ ಪದಗಳದು, ನಾವಿಬ್ಬರೂ ಸೇರಿ ಮಾಡಿದ್ದು. ಪ್ರೆಸ್ಸು ಮುಚ್ಚಿತು, ಇನ್ನು ಅದನ್ನು ಯಾರೂ ಅಚ್ಚು ಹಾಕುವುದಿಲ್ಲ. ಹಾಕಿದರೂ ಕೊಳ್ಳುವವರಿಲ್ಲ, ಈಗ ಎಲ್ಲರಿಗೂ ಯಂತ್ರವೇ ಕೆಳಗೆ ಗೀಟು ಎಳೆದು ತೋರಿಸುತ್ತದೆ. ಗೊತ್ತಿದ್ದೂ ಮಾಡುತ್ತೇನೆ. ಮಾಡದಿದ್ದರೆ ಬೆಳಗಾದ ಮೇಲೆ ಎಲ್ಲಿ ಕೂರಬೇಕೆಂದು ತಿಳಿಯುವುದಿಲ್ಲ.

ಎದುರು ಕುರ್ಚಿ ಖಾಲಿ ಇದೆ. ಖಾಲಿ ಇದೆ, ಅಷ್ಟೇ. ಅದರಲ್ಲಿ ಬೇರೆ ಅರ್ಥ ಹುಡುಕಲು ಹೋಗಬೇಡ.

ಇನ್ನೊಂದು ಪ್ರಶ್ನೆಗೆ ಮುಂದಿನ ಕಾಗದದಲ್ಲಿ ಬರೆಯುತ್ತೇನೆ. ಯೋಚಿಸಬೇಕು.

ಅಪ್ಪ


ಏಪ್ರಿಲ್ ೧೯

ಅಪ್ಪಾ,

ಯೋಚಿಸಬೇಕು ಎಂದು ನೀವು ಬರೆದದ್ದನ್ನು ಅಕ್ಕನಿಗೆ ತೋರಿಸಿದೆ. "ಗಂಡಸರು ಯೋಚಿಸ್ತೀನಿ ಅಂದ್ರೆ ಅರ್ಧ ಒಪ್ಪಿದ ಹಾಗೇ ಕಣೇ" ಎಂದಳು. ನನಗೆ ಹಾರಿ ಬರಬೇಕೆನಿಸಿತು. ಆದರೂ ನೀವು ಕರೆಯದೆ ಬರುವುದಿಲ್ಲ. ನಿಮ್ಮ ಹಟ ನನಗೂ ಬಂದಿದೆ.

ಯೋಚಿಸಿ. ನಿಧಾನವಾಗಿ ಬೇಡ.

ಚುಕ್ಕಿ


ಜೂನ್ ೧೧

ಚುಕ್ಕಿ,

ಕಾಗದ ತಲುಪಿತು. ಕೆಳಗಿನ ಇಂಗ್ಲಿಷ್ ಸಾಲು ಓದಿ ತಲೆ ಚಚ್ಚಿಕೊಂಡೆ. ದಿನಾಲೂ ಬಸ್ಸಿನಲ್ಲಿ ಹೋಗುತ್ತೇನೆ ಎನ್ನುವ ಕಡೆ ಎವೆರಿಡೇ ಎಂದು ಒಂದೇ ಪದ ಮಾಡಿ ಬರೆದಿದ್ದೀಯ. ಅಲ್ಲಿ ಎರಡು ಪದ ಬೇಕು. ಎವೆರಿಡೇ ಚಪ್ಪಲಿ ಎನ್ನಬಹುದು, ನೆಂಟರ ಮನೆಗೆ ಹಾಕಿಕೊಂಡು ಹೋಗದ ಹಳೇ ಚಪ್ಪಲಿ.

ನೀನು ಏನೋ ಒಂದು ಪ್ರಶ್ನೆ ಕೇಳಿದ್ದೆ. ಕಾಗದವನ್ನು ಎಲ್ಲೋ ಜೋಪಾನವಾಗಿ ಇಟ್ಟಿದ್ದೇನೆ. ಅಮ್ಮ ಪೇಟೆಗೆ ಹೋದವಳು ಇನ್ನೂ ಬಂದಿಲ್ಲ, ಬಂದ ಮೇಲೆ ಇಬ್ಬರೂ ಕೂತು ಯೋಚಿಸಿ ಬರೆಯುತ್ತೇವೆ.

ಅಪ್ಪ


ಜೂನ್ ೨೩

ಅಪ್ಪಾ,

ನಿಮ್ಮ ಕಾಗದ ಓದಿ ಹಳೆಯದನ್ನೂ ತೆಗೆದು ಪಕ್ಕದಲ್ಲಿಟ್ಟು ನೋಡಿದೆ. ಚಪ್ಪಲಿಯ ವಿಷಯ ಆಗಲೇ ಬರೆದಿದ್ದಿರಿ, ಹೆಚ್ಚು ಕಡಿಮೆ ಅದೇ ಮಾತುಗಳಲ್ಲಿ. ಅಮ್ಮನ ಬಗ್ಗೆ ಬರೆದದ್ದನ್ನು ಅವಸರದಲ್ಲಿ ಬರೆದಿರಿ ಎಂದುಕೊಳ್ಳಲೇ? ಅಮ್ಮ ಎಲ್ಲಿದ್ದಾಳೆಂದು ನಿಮಗೆ ನೆನಪಿದೆ ತಾನೇ? ಬೇಸರ ಮಾಡಿಕೊಳ್ಳಬೇಡಿ, ಕೇಳದೆ ಇರಲಾಗಲಿಲ್ಲ.

ಕೆಳಗಿನ ಇಂಗ್ಲಿಷಿನಲ್ಲಿ ಬೈಯುವುದಕ್ಕೆ ಬೇಕಾದಷ್ಟಿದೆ. ಬಿಡಿಸಬೇಕಾದ್ದು ಯಾವುದನ್ನೂ ಬಿಡಿಸಿಲ್ಲ, ಕೂಡಿಸಬೇಕಾದ್ದು ಯಾವುದನ್ನೂ ಕೂಡಿಸಿಲ್ಲ. ಮೇಬಿ, ಸಮ್‌ಟೈಮ್, ಆಲ್ಟುಗೆದರ್, ಎಲ್ಲವೂ ತಲೆಕೆಳಗಾಗಿವೆ. ಪುಟವೆಲ್ಲ ಕೆಂಪಾಗಿ ವಾಪಸ್ ಬರಲಿ ಅಪ್ಪಾ. ಅಷ್ಟು ಮಾಡಿ ಸಾಕು, ಬಾ ಎನ್ನುವುದು ಆಮೇಲಾಗಲಿ.

ನಿಮ್ಮ
ಚುಕ್ಕಿ


ಜುಲೈ ೮

ಚುಕ್ಕಿ,

ಶಭಾಷ್. ಇಂಗ್ಲಿಷ್ ಸಾಲುಗಳನ್ನು ಎರಡು ಸಲ ಓದಿದೆ. ಒಂದೂ ತಪ್ಪಿಲ್ಲ. ನನಗೆ ಎಷ್ಟು ಸಂತೋಷವಾಗಿದೆ ಎಂದರೆ ಕೆಳಗೆ ಇಸ್ತ್ರಿ ಅಂಗಡಿಯವಳಿಗೂ ಹೋಗಿ ತೋರಿಸಿ ಬಂದೆ. ಇನ್ನು ನಿನಗೆ ಹೇಳಿಕೊಡುವುದು ಏನೂ ಉಳಿದಿಲ್ಲ.

ಅಪ್ಪ


ಜುಲೈ ೧೨

ಚುಕ್ಕಿ ಅವರಿಗೆ,

ನಾನು ನಿಮ್ಮ ತಂದೆಯವರ ಮನೆಯ ಕೆಳಗೆ ಇಸ್ತ್ರಿ ಅಂಗಡಿ ಇಟ್ಟಿರುವವಳು. ನೀವು ಹೋದ ಮೇಲೆ ನಾನಿಲ್ಲಿಗೆ ಬಂದದ್ದು, ಆದ್ದರಿಂದ ನಾವು ಒಬ್ಬರನ್ನೊಬ್ಬರು ನೋಡಿಲ್ಲ. ನಿಮ್ಮ ನಂಬರ್ ಕೇಳಿದೆ, ಅವರಲ್ಲಿ ಇಲ್ಲ. ಅವರು ನನಗೆ ತೋರಿಸಲು ತಂದ ಕಾಗದದ ಮೇಲಿಂದ ವಿಳಾಸ ಬರೆದುಕೊಂಡೆ.

ನಿಮ್ಮ ತಂದೆ ಬೆಳಿಗ್ಗೆ ಎದ್ದು ಕೋಟು ಇಸ್ತ್ರಿ ಮಾಡಿಸಿಕೊಂಡು ಪ್ರೆಸ್ಸಿಗೆ ಹೋಗುತ್ತೇನೆ ಎಂದು ಹೊರಡುತ್ತಾರೆ. ಪ್ರೆಸ್ಸಿದ್ದ ಜಾಗದಲ್ಲಿ ಈಗ ಸ್ನಾನದ ಮನೆಯ ತೊಟ್ಟಿ, ನಲ್ಲಿ ಮಾರುವ ಅಂಗಡಿ ಇದೆ. ಅಲ್ಲಿ ಹೋಗಿ ಕೂತುಬಿಡುತ್ತಾರೆ. ಅಂಗಡಿಯವರು ಒಳ್ಳೆಯವರು, ಗದರುವುದಿಲ್ಲ, ನನ್ನ ಗಂಡ ಹೋಗಿ ಕೈ ಹಿಡಿದು ಕರೆದುಕೊಂಡು ಬರುತ್ತಾನೆ. ಮೊನ್ನೆ ಒಲೆಯ ಮೇಲೆ ಹಾಲಿಟ್ಟು ಮರೆತು, ಪಾತ್ರೆ ಕರಕಲಾಗಿ ಮೆಟ್ಟಿಲ ತನಕ ಹೊಗೆ ಬಂತು. ಒಂದೊಂದು ದಿನ ಮಾತ್ರ ಬಲು ಚುರುಕು, ನನ್ನ ಬೋರ್ಡಿನಲ್ಲಿ ತಪ್ಪಿದೆ ಎಂದು ಸುಣ್ಣದಕಡ್ಡಿ ತಂದು ತಿದ್ದಿದ್ದಾರೆ.

ನಿಮ್ಮ ನಡುವೆ ಏನಿದೆಯೋ ನನಗೆ ಬೇಡ. "ಮಗಳಿಗೆ ಬರೋಕೆ ಹೇಳ್ಲಾ ಸರ್?" ಎಂದರೆ, "ನಾನೇ ಬರೀತೀನಿ, ನೀನು ಮೂಗು ತೂರಿಸ್ಬೇಡ" ಎನ್ನುತ್ತಾರೆ. ಬರೆಯುವುದಿಲ್ಲ, ಕೂತು ಕಾಗದ ನೋಡುತ್ತಾರೆ ಅಷ್ಟೇ. ಅವರು ಕರೆಯುವವರೆಗೂ ಕಾಯಬೇಡಿ. ಬನ್ನಿ. ಅವರ ಬದಲಿಗೆ ನಾನೇ ಹೇಳುತ್ತಿದ್ದೇನೆ ಎಂದುಕೊಳ್ಳಿ.

ಇಸ್ತ್ರಿ ಅಂಗಡಿಯವಳು


ಆಗಸ್ಟ್ ೨

ಅಕ್ಕಾ,

ಬಂದು ಸೇರಿದೆ. ಲ್ಯಾಬಿನಲ್ಲಿ ನನ್ನ ಕೆಲಸವನ್ನೂ ನಿನ್ನ ತಲೆಗೆ ಕಟ್ಟಿ ಬಂದೆ, ಹೊಟ್ಟೆಗೆ ಹಾಕಿಕೋ. ಬೇಗ ಬರುತ್ತೇನೆ ಎಂದಿದ್ದೆ, ಇನ್ನು ಬರುವುದು ಕಷ್ಟ. ನನ್ನ ಜಾಗಕ್ಕೆ ಬೇರೆಯವರನ್ನು ಹಾಕಿಕೊಳ್ಳಲು ಹೇಳು.

ಕೊಟ್ಟ ಮಾತು ಮುರಿದು ಮೆಟ್ಟಿಲು ಹತ್ತಿದೆ. ಅಪ್ಪನೇ ಬಾಗಿಲು ತೆಗೆದರು. ಬೈಯುತ್ತಾರೆ, ಅಳುತ್ತಾರೆ, ಮುಖದ ಮೇಲೆ ಬಾಗಿಲು ಹಾಕುತ್ತಾರೆ ಎಂದೆಲ್ಲ ಯೋಚಿಸಿ ಬಂದಿದ್ದೆ. "ಯಾರು ಬೇಕಾಗಿತ್ತಮ್ಮ?" ಎಂದರು.

"ಅಪ್ಪಾ, ನಾನು, ಚುಕ್ಕಿ" ಎಂದೆ.

ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಆಮೇಲೆ ಹೆದರಿದರು ಅಕ್ಕಾ. ಹಿಂದೆ ಸರಿದು ಗೋಡೆ ಹಿಡಿದುಕೊಂಡು, "ಸುಳ್ಳು ಹೇಳ್ಬೇಡಿ. ನನ್ನ ಮಗಳು ನಾನು ಕರೀದೆ ಬರೋಳಲ್ಲ. ಮಾತು ಕೊಟ್ಟಿದಾಳೆ. ಪ್ರಾಣ ಹೋದ್ರೂ ಮಾತಿಗೆ ತಪ್ಪೋಳಲ್ಲ ಅವ್ಳು" ಎಂದರು. ನಾನು ಇನ್ನೊಂದು ಹೆಜ್ಜೆ ಇಟ್ಟಿದ್ದಕ್ಕೆ ಕೂಗಿಕೊಂಡರು. ಇಸ್ತ್ರಿ ಅಂಗಡಿಯವಳು ಓಡಿ ಬಂದು, "ನಿಮ್ಮ ಮಗಳೇ ಸರ್, ನಾನೇ ಕರೆಸಿದ್ದು" ಎಂದರೆ, "ಇಬ್ರೂ ಸೇರ್ಕೊಂಡು ನನಗೆ ಮಂಕುಬೂದಿ ಎರಚ್ತೀರಾ?" ಎಂದು ಅವಳ ಮೇಲೂ ಎಗರಿದರು.

ನನಗೆ ಏನು ತೋಚಿತೋ ಏನೋ, "ಇಲ್ಲ ಸರ್, ಕೈಪಿಡಿ ಓದೋಕೆ ಜನ ಬೇಕು ಅಂತ ಕೇಳಿ ಬಂದೆ" ಎಂದುಬಿಟ್ಟೆ. ತಕ್ಷಣ ಮುಖ ಸಡಿಲವಾಯಿತು. ಕುರ್ಚಿ ತೋರಿಸಿದರು. ನನ್ನದೇ ಕುರ್ಚಿ.

ಓದಲು ಶುರು ಮಾಡಿದೆ. ಪದ ಬಿಡಿಸುವ ಕಡೆ ಕೈ ತಾನಾಗಿ ಮೇಜು ತಟ್ಟಿತು. ಅಪ್ಪ ತಲೆಯೆತ್ತಿ ನೋಡಿದರು. ಈಗ ಗುರುತು ಹಿಡಿಯುತ್ತಾರೆ ಎಂದುಕೊಂಡೆ. "ಚೆನ್ನಾಗಿ ತಟ್ತೀರಿ ನೀವು. ನನ್ನ ಮಗಳೂ ಹೀಗೇ ತಟ್ತಿದ್ಲು. ಎಲ್ಲಿ ಕಲಿತ್ರಿ?" ಎಂದರು.

ಹುಟ್ಟಿದಾಗಿನಿಂದ ಅಪ್ಪ ನನ್ನನ್ನು ನೀವು ಎಂದಿರಲಿಲ್ಲ. ಬೈದರೆ ಸಹಿಸಿಕೊಳ್ಳುತ್ತಿದ್ದೆ. ಈ ಮರ್ಯಾದೆ ತಡೆಯಲು ಆಗುತ್ತಿಲ್ಲ. ಒಳಕೋಣೆಯನ್ನು ಓದುವವಳ ವಾಸಕ್ಕೆ ಬಿಟ್ಟುಕೊಟ್ಟಿದ್ದಾರೆ. ಅದೂ ನನ್ನದೇ ಕೋಣೆ, ಬೀರುವಿನಲ್ಲಿ ನನ್ನ ಹಳೇ ಬಟ್ಟೆಗಳು ಮಡಿಸಿದ ಹಾಗೇ ಇವೆ. "ಅವನ್ನ ಮುಟ್ಬೇಡಿ, ಮಗಳದು" ಎಂದು ಹೇಳಿದ್ದಾರೆ.

ನಿನ್ನ
ಚುಕ್ಕಿ


ಸೆಪ್ಟೆಂಬರ್ ೧೭

ಚುಕ್ಕಿ,

ಬಹಳ ದಿನದಿಂದ ನಿನ್ನ ಕಾಗದವಿಲ್ಲ. ಕೋಪವೇ?

ಕೈಪಿಡಿ ಓದಲು ಒಬ್ಬರು ಬಂದಿದ್ದಾರೆ. ಒಳ್ಳೆಯ ಹೆಂಗಸು. ಅಡುಗೆಯನ್ನೂ ಮಾಡುತ್ತಾರೆ, ನಾನು ಹೊರಗೆ ಹೊರಟರೆ ಹಿಂದೆಯೇ ಬರುತ್ತಾರೆ. ಸ್ವಲ್ಪ ಅಳುಬುರುಕಿ. ಅವರ ಮನೆಯಲ್ಲಿ ಏನು ಕಷ್ಟವಿದೆಯೋ, ನಾನು ಕೇಳಲು ಹೋಗಿಲ್ಲ. ಚೆನ್ನಾಗಿ ಓದುತ್ತಾರೆ. ಆದರೂ ನಿನ್ನ ಹಾಗಲ್ಲ. ನೀನು ಓದುವಾಗ ತಪ್ಪು ಸಿಕ್ಕರೆ ನನಗಿಂತ ಮೊದಲೇ ನಗುತ್ತಿದ್ದೆ. ಇವರು ನಗುವುದಿಲ್ಲ.

ಈ ಕಾಗದವನ್ನು ಅವರ ಕೈಯಲ್ಲೇ ಟಪಾಲಿಗೆ ಹಾಕಿಸುತ್ತಿದ್ದೇನೆ. ನಂಬಿಕಸ್ಥೆ.

ನಿನ್ನ ಒಂದು ಪ್ರಶ್ನೆಗೆ ಉತ್ತರ ಬಾಕಿ ಇದೆ ಎಂದು ಗೊತ್ತು. ಪ್ರಶ್ನೆ ಏನೆಂದು ಇನ್ನೊಂದು ಸಲ ಬರೆ.

ಅಪ್ಪ


ಸೆಪ್ಟೆಂಬರ್ ೨೦

ಅಪ್ಪಾ,

ನನಗೆ ಕೋಪವಿಲ್ಲ. ಎಂದೂ ಇರಲಿಲ್ಲ. ಪ್ರಶ್ನೆ ಇಷ್ಟೇ, ನಾನು ಮನೆಗೆ ಬರಲಾ? ನೀವು ಬಾ ಎಂದು ಬರೆದರೆ ಆ ಕಾಗದ ಹಿಡಿದುಕೊಂಡು ನಿಮ್ಮೆದುರು ಬಂದು ನಿಲ್ಲುತ್ತೇನೆ. ಕರೆಯದೆ ಬರುವವಳಲ್ಲ ಎಂದು ನೀವು ನಂಬಿದ್ದೀರಿ. ಕರೆದ ಮೇಲೆ ಬಂದರೆ ನಾನೇ ಎಂದು ನಂಬುತ್ತೀರಿ, ಅಲ್ಲವೇ?

ದಯವಿಟ್ಟು ಬರೆಯಿರಿ.

ಚುಕ್ಕಿ


ನವೆಂಬರ್ ೫

ಚುಕ್ಕಿ,

ಬಾ.

ಇಷ್ಟು ಬರೆಯಲು ಇಷ್ಟು ದಿನ ಹಿಡಿಯಿತು. ಬರೆಯಬೇಕೆಂದೇ ಪ್ರತಿ ಸಲ ಕೂರುತ್ತಿದ್ದೆ. ಮೊದಲು ಅವಳ ತಪ್ಪು ತಿದ್ದೋಣ, ಆಮೇಲೆ ಬರೆಯೋಣ ಎಂದುಕೊಳ್ಳುತ್ತಿದ್ದೆ. ತಿದ್ದುವಷ್ಟರಲ್ಲಿ ಹಾಳೆ ತುಂಬಿಹೋಗುತ್ತಿತ್ತು. ನಾಚಿಕೆಯೂ ಇತ್ತು. ನೀನು ಅವನ ಜೊತೆ ಹೋದ ದಿನ ಬಾಗಿಲು ಹಾಕಿಕೊಂಡು ಅದರ ಹಿಂದೆಯೇ ನಿಂತಿದ್ದೆ, ಕೆಳಗಿಳಿಯುವ ಸದ್ದು ಎಲ್ಲಾದರೂ ನಿಲ್ಲುತ್ತದೇನೋ ಎಂದು. ನಿಂತಿದ್ದರೆ ಅಂದೇ ಬಾ ಎನ್ನುತ್ತಿದ್ದೆ.

ಈಚೆಗೆ ನನ್ನ ತಲೆ ಸರಿಯಿಲ್ಲ. ಯಾರೂ ಹೇಳುವುದಿಲ್ಲ, ನನಗೇ ತಿಳಿಯುತ್ತದೆ. ಬೆಳಿಗ್ಗೆ ಗೊತ್ತಿದ್ದ ಪದ ಮಧ್ಯಾಹ್ನಕ್ಕೆ ಇರುವುದಿಲ್ಲ. ನಿನ್ನ ಮುಖ ಪೂರ್ತಿ ಹೋಗುವ ಮೊದಲು ಒಂದು ಸಲ ನೋಡಬೇಕು. ಬಾಗಿಲು ತೆಗೆದಾಗ ನೀನು ಅಲ್ಲಿ ನಿಂತಿರಬೇಕು, ನಾನು ಚುಕ್ಕಿ ಎನ್ನಬೇಕು. ಅಷ್ಟಾದರೆ ಆಮೇಲೆ ಏನಾದರೂ ಆಗಲಿ.

ಬಾ ಎನ್ನುವುದು ಒಂದೇ ಅಕ್ಷರ. ಇದರಲ್ಲಿ ಕೂಡಿಸುವ ಬಿಡಿಸುವ ರಗಳೆ ಇಲ್ಲ. ಬೇಗ ಹೊರಡು.

ನಿನ್ನ
ಅಪ್ಪ


ನವೆಂಬರ್ ೫

ಓದುವವರಿಗೆ,

ಎದುರಿಗೆ ಹೇಳಲು ಸಂಕೋಚವಾಗಿ ಬರೆದು ನಿಮ್ಮ ಮೇಜಿನ ಮೇಲಿಡುತ್ತಿದ್ದೇನೆ. ನನ್ನ ಮಗಳು ಬರುತ್ತಾಳೆ. ಬಾ ಎಂದು ಬರೆದಿರುವ ಕಾಗದ ಇದರ ಜೊತೆಗಿದೆ, ಮರೆಯದೆ ಟಪಾಲಿಗೆ ಹಾಕಿ. ಅವಳು ಬರುವ ಹೊತ್ತಿಗೆ ಒಳಕೋಣೆ ಮತ್ತು ಎದುರು ಕುರ್ಚಿ ಅವಳಿಗೆ ಬೇಕಾಗುತ್ತವೆ. ಆದ್ದರಿಂದ ನೀವು ಈ ವಾರದಲ್ಲಿ ಕೋಣೆ ಖಾಲಿ ಮಾಡಿಕೊಡಬೇಕು.

ನಿಮ್ಮ ಕೆಲಸದಲ್ಲಿ ಕುಂದೇನೂ ಇಲ್ಲ. ನೀವು ನನ್ನನ್ನು ಸ್ವಂತ ತಂದೆಯ ಹಾಗೆ ನೋಡಿಕೊಂಡಿರಿ. ನಿಮ್ಮ ತಂದೆ ಇದ್ದರೆ ಅವರ ಹತ್ತಿರ ಹೋಗಿ. ಹೆತ್ತವರನ್ನು ಇಷ್ಟು ದಿನ ಬಿಟ್ಟಿರಬಾರದು.

ಇಂತಿ ವಂದನೆಗಳು,
ಕರಡು ತಿದ್ದುವವರು


ನವೆಂಬರ್ ೧೨

ಅಕ್ಕಾ,

ಅಪ್ಪ ಒಂದೇ ದಿನ ಬರೆದ ಎರಡೂ ಕಾಗದಗಳನ್ನು ನಿನಗೆ ಕಳಿಸುತ್ತಿದ್ದೇನೆ, ಇಟ್ಟುಕೊಂಡಿರು. ನನ್ನ ಹತ್ತಿರವಿದ್ದರೆ ದಿನಾ ತೆಗೆದು ಓದುತ್ತೇನೆ.

ನಿನ್ನೆ ಬೆಳಿಗ್ಗೆ ಚೀಲ ತೆಗೆದುಕೊಂಡು, "ಹೋಗಿ ಬರ್ತೀನಿ ಸರ್" ಎಂದು ಇಳಿದೆ. ಅಪ್ಪ ಕೈಮುಗಿದು ಬೀಳ್ಕೊಟ್ಟರು. ಬಸ್ ನಿಲ್ದಾಣದ ಶೌಚಾಲಯದಲ್ಲಿ ಮುಖ ತೊಳೆದು, ಬಟ್ಟೆ ಬದಲಾಯಿಸಿದೆ. ಬೀರುವಿನಿಂದ ಒಂದು ಹಳೇ ಅಂಗಿಯನ್ನು ಅಪ್ಪನಿಗೆ ತಿಳಿಯದಂತೆ ತೆಗೆದಿಟ್ಟುಕೊಂಡಿದ್ದೆ. ತೋಳು ಬಿಗಿಯಾಯಿತು, ಆದರೂ ಹಾಕಿಕೊಂಡೆ. ಪ್ರೆಸ್ಸಿಗೆ ಹೋಗುತ್ತಿದ್ದಾಗಿನಂತೆ ಕೂದಲನ್ನು ಹಿಂದಕ್ಕೆ ಕಟ್ಟಿದೆ. ಅವರು ಬಾ ಎಂದು ಬರೆದ ಕಾಗದ ಕೈಯಲ್ಲಿತ್ತು. ನನ್ನ ಹುಚ್ಚು ನೋಡು, ದಾರಿಯುದ್ದಕ್ಕೂ ಖುಷಿಯಾಗಿಯೇ ಇದ್ದೆ. ಈಗ ಕರೆದಿದ್ದಾರೆ, ಇನ್ನು ಅನುಮಾನಕ್ಕೆ ಎಡೆಯೇ ಇಲ್ಲ ಎಂದು.

ಮೆಟ್ಟಿಲು ಹತ್ತಿ ಬಾಗಿಲು ತಟ್ಟಿದೆ. ಒಳಗೆ ಕುರ್ಚಿ ಎಳೆದ ಸದ್ದು, ಓಡಿ ಬಂದ ಹೆಜ್ಜೆ. ಕೋಟು ಹಾಕಿಕೊಂಡು ತಲೆ ಬಾಚಿಕೊಂಡಿದ್ದರು ಅಕ್ಕಾ. ಬಾಗಿಲು ತೆಗೆದಾಗ ಅವರ ಮುಖದಲ್ಲಿ ಇದ್ದ ಆಸೆಯನ್ನು ನಾನು ಬದುಕಿನಲ್ಲಿ ಯಾರ ಮುಖದಲ್ಲೂ ನೋಡಿಲ್ಲ. ನನ್ನನ್ನು ನೋಡಿದ ಮೇಲೆ ಅದು ಹೋಯಿತು.

"ಓ, ನೀವಾ" ಎಂದರು. "ಏನು ಮರೆತು ಹೋಗಿದ್ರಿ?"

ಕಾಗದ ಚಾಚಿದೆ. "ಅಯ್ಯೋ, ಇನ್ನೂ ಟಪಾಲಿಗೆ ಹಾಕ್ಲಿಲ್ವೇ!" ಎಂದು ಗಾಬರಿಯಾದರು. "ಇದು ಹೋಗದೆ ಅವಳು ಹೇಗೆ ಬರ್ತಾಳಮ್ಮ?" ಕಣ್ಣಲ್ಲಿ ನೀರು ಬಂತು ಅವರಿಗೆ. ಈಗಲೇ ಹಾಕುತ್ತೇನೆ ಎಂದು ಭಾಷೆ ಕೊಟ್ಟೆ. ಮತ್ತೇನು ಹೇಳಲಿ, ಕನ್ನಡಕ ಮರೆತಿದ್ದೆ ಎಂದೆ. ಪಾಪ, ಮಂಡಿಯೂರಿ ಕುರ್ಚಿಯ ಕೆಳಗೆ ಅವರೇ ಹುಡುಕಿದರು. ನನಗೆ ಕನ್ನಡಕವೇ ಇಲ್ಲ. "ಬೇಗ ನೋಡಿ, ಮಗಳು ಬರೋ ಹೊತ್ತು" ಎನ್ನುತ್ತಿದ್ದರು.

ಕೆಳಗೆ ಬಂದು ಇಸ್ತ್ರಿ ಅಂಗಡಿಯ ಬೆಂಚಿನ ಮೇಲೆ ಕೂತೆ. ಇಂದೂ ಅಲ್ಲೇ ಕೂತು ಇದನ್ನು ಬರೆಯುತ್ತಿದ್ದೇನೆ. ಊಟವನ್ನು ಇಸ್ತ್ರಿ ಅಂಗಡಿಯವಳು ಮೇಲೆ ಕೊಟ್ಟು ಬರುತ್ತಾಳೆ. ಓದುವವಳಾಗಿ ಇನ್ನು ನಾನು ಹೋಗುವಂತಿಲ್ಲ, ಆ ಜಾಗ ಮಗಳಿಗೆಂದು ಕಾದಿರಿಸಿದ್ದಾರೆ. ಮಗಳಾಗಿ ಹೋಗಿಯೂ ಆಯಿತು. ಬೇರೆ ದಾರಿ ನಿನಗೇನಾದರೂ ತೋಚಿದರೆ ಬರೆ, ನನಗೆ ತೋಚುತ್ತಿಲ್ಲ.

ಇದನ್ನು ಬರೆಯುತ್ತಿರುವಾಗಲೇ ಅಪ್ಪ ಅರ್ಧ ಮೆಟ್ಟಿಲು ಇಳಿದು ಬಂದು ಬಗ್ಗಿ, "ನನ್ನ ಮಗಳು ಬಂದ್ರೆ ಮೇಲೆ ಕಳಿಸಮ್ಮ" ಎಂದು ಇಸ್ತ್ರಿ ಅಂಗಡಿಯವಳಿಗೆ ಹೇಳಿದರು. ಅವಳು ನನ್ನ ಮುಖ ನೋಡಿ, ಇಸ್ತ್ರಿಪೆಟ್ಟಿಗೆ ಕೆಳಗಿಟ್ಟು, "ಆಗ್ಲಿ ಸರ್, ಬಂದ ತಕ್ಷಣ ಕಳಿಸ್ತೀನಿ" ಎಂದಳು.

ಆಮೇಲೆ ನಾನೂ ಅವರ ಕಣ್ಣಿಗೆ ಬಿದ್ದೆ. "ಸಿಕ್ತಾ ಕನ್ನಡಕ?" ಎಂದು ಕೇಳಿದರು.

"ಸಿಕ್ತು ಸರ್" ಎಂದೆ.

ಚುಕ್ಕಿ